ಅಪ್ಪುವಿನ ಜ್ವರದ ತಾರೀಖು

ಸುರೇಬಾನದ ಅಂಗನವಾಡಿಯಲ್ಲಿ ಹದಿನೈದೇ ದಿನಗಳಲ್ಲಿ ಒಂಬತ್ತು ಮಕ್ಕಳಿಗೆ ಅಂಗೈ, ಅಂಗಾಲು, ಬಾಯಿಯಲ್ಲೆಲ್ಲ ಗುಳ್ಳೆ ಎದ್ದವು. ಅಲ್ಲಿ ಕಲಿಸುವ ರಾಯವ್ವನಿಗೆ ಅನುಮಾನ ಬಂದದ್ದು ಒಬ್ಬಳ ಮೇಲೆಯೇ. ಕೃಷ್ಣವ್ವನ ಮೊಮ್ಮಗಳು ಪೂನಮ್, ಆ ಒಂಬತ್ತರಲ್ಲಿ ಒಬ್ಬಳು, ಆಗಷ್ಟೇ ಕಿತ್ತೂರಿನಿಂದ ಬಂದಿದ್ದಳು. ಅವಳ ತಾಯಿ ಅಲ್ಲಿ ಹೆದ್ದಾರಿಯ ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಊರೂರಿನ ಲಾರಿ ನಿಲ್ಲುವ ಜಾಗ, ಅಲ್ಲಿಂದ ಏನು ತಾನೇ ಬರುವುದಿಲ್ಲ?

ರಾಮದುರ್ಗದಿಂದ ಆರೋಗ್ಯ ಇಲಾಖೆಯ ಮಂಜುಳಾ ಬಂದು ಒಂಬತ್ತೂ ಮಕ್ಕಳ ಗಂಟಲಿಗೆ ಹತ್ತಿಯ ಕಡ್ಡಿ ಹಾಕಿ ಮಾದರಿ ತೆಗೆದುಕೊಂಡಳು.

"ಯಾರಿಂದ ಬಂತು ಅಂತ ಇದರಾಗ ಗೊತ್ತಾಗತೈತೇನ್ರಿ?" ರಾಯವ್ವ ಕೇಳಿದಳು.

"ಹೆಸರು ಬರಂಗಿಲ್ರಿ. ಗುಳ್ಳಿ ಒಂದ ಥರ ಕಂಡ್ರೂ ವೈರಸ್ ಬ್ಯಾರೆ ಬ್ಯಾರೆ ಇರತಾವು. ಅದರ ಜೀನ್ ಓದಿದ್ರ ಯಾರ್ಯಾರದು ಒಂದ ನಮೂನಿ ಅಂತ ತಿಳೀತೈತಿ. ಜ್ವರ ಶುರುವಾದ ತಾರೀಖು ಬರದು ಕೊಡ್ರಿ."

ರಾಯವ್ವ ಬರೆದುಕೊಟ್ಟಳು.

ಮಕ್ಕಳು ಗುಣವಾಗಿ ಮರಳಿದವು. ಪೂನಮ್‌ಳನ್ನು ಮಾತ್ರ ರಾಯವ್ವ ಬಾಗಿಲಲ್ಲೇ ತಡೆದಳು. "ಇನ್ನಷ್ಟು ದಿನ ಮನ್ಯಾಗ ಇರ್ಲಿ ಕೃಷ್ಣವ್ವಾ. ಉಳಿದ ತಾಯಂದಿರು ಅಂಜತಾರ."

"ನನ್ನ ಮೊಮ್ಮಗಳು ಬರೂಕಿಂತ ಮೊದಲ ನಿಮ್ಮ ಅಪ್ಪೂಗ ಜ್ವರ ಬಂದಿತ್ತಲ್ರಿ ಅಕ್ಕಾರ?"

ಅಪ್ಪು ರಾಯವ್ವನ ಮೊಮ್ಮಗ, ಅದೇ ಅಂಗನವಾಡಿಗೆ ಬರುವವನು. "ಅದು ಬ್ಯಾರೆ ಜ್ವರ," ಎಂದವಳೇ ಅವಳು ಒಳಗೆ ನಡೆದಳು.

ತಿಂಗಳ ಮೇಲೆ ಮಂಜುಳಾ ವರದಿ ತಂದಳು. "ಎಂಟು ಮಕ್ಕಳದು ಕಾಕ್ಸಾಕಿ ಎ-16 ಅನ್ನೂ ವೈರಸ್. ಪೂನಮ್‌ದು ಎ-6. ಬ್ಯಾರೇನ ಐತ್ರಿ. ಆಕಿಯಿಂದ ಇವರಿಗೆ ಹತ್ತಿಲ್ಲ."

"ಸೀಸೆ ಅದಲಬದಲ ಆಗಿರಬೇಕು."

"ಎರಡು ಸಲ ನೋಡ್ಯಾರ್ರಿ."

ರಾಯವ್ವ ಪಟ್ಟಿಯ ಮೇಲೆ ಕಣ್ಣಾಡಿಸಿದಳು. ತಾರೀಖಿನ ಪ್ರಕಾರ ಅಪ್ಪು ನಾಲ್ಕನೆಯವನಾಗಿದ್ದ. ಅವನ ತಾರೀಖನ್ನು ಒಂದು ವಾರ ಮುಂದಕ್ಕೆ ಹಾಕಿ ಬರೆದವಳು ಅವಳೇ. ಇಲಾಖೆಯವರು ಯಾರೂ ಕೇಳಿರಲಿಲ್ಲ, ಇನ್ನು ಕೇಳುವವರೂ ಇರಲಿಲ್ಲ. ಮಂಜುಳಾ ಚೀಲ ಹೆಗಲಿಗೇರಿಸಿದಾಗ ರಾಯವ್ವ ಪಟ್ಟಿಯ ಮೇಲೆ ಬೆರಳಿಟ್ಟಳು.

"ನಿಲ್ರಿ. ಅಪ್ಪೂನ ತಾರೀಖು ತಪ್ಪೈತಿ. ಎಲ್ಲಾರಕಿಂತ ಮೊದಲ ಬಿದ್ದಾಂವ ಅವನ."

ಮಂಜುಳಾ ಅವಳ ಮುಖವನ್ನೊಮ್ಮೆ ನೋಡಿ, ಪೆನ್ನು ತೆಗೆದಳು.

ಆ ಸಂಜೆ ರಾಯವ್ವ ಕೃಷ್ಣವ್ವನ ಅಂಗಳದಲ್ಲಿ ನಿಂತು ಎಲ್ಲವನ್ನೂ ಹೇಳಿದಳು. ಕೃಷ್ಣವ್ವ ಕುಳಿತುಕೊಳ್ಳಿ ಎನ್ನಲಿಲ್ಲ.

"ಆವತ್ತ ಹೇಳಿದ್ನಲ್ರಿ. ನನ್ನ ಮಾತು ಸಾಲಲಿಲ್ಲ, ನಿಮಗ ಕಾಗದಾನ ಬೇಕಾತು."

ಮರುದಿನ ಅವಳು ಪೂನಮ್‌ಳನ್ನು ಅಂಗನವಾಡಿಗೆ ಕರೆತಂದಳು. ಆದರೆ ಮನೆಗೆ ಹೋಗದೆ ಹೊಸ್ತಿಲಲ್ಲೇ ಕುಳಿತು, ಮೊಮ್ಮಗಳ ತಟ್ಟೆಯನ್ನು ಎಲ್ಲಿ ಇಡುತ್ತಾರೆಂದು ಕಾಯ್ದಳು. ರಾಯವ್ವ ತಟ್ಟೆಯನ್ನು ಸಾಲಿನ ನಡುವೆ ಇಟ್ಟು, ನೆರೆದಿದ್ದ ತಾಯಂದಿರಿಗೆ ಅಪ್ಪುವಿನ ಜ್ವರದ ನಿಜ ಹೇಳಿದಳು. ಅಷ್ಟು ಕೇಳಿದ್ದೇ ತಡ, ಇಬ್ಬರು ತಮ್ಮ ಮಕ್ಕಳನ್ನು ಅಪ್ಪುವಿನ ಪಕ್ಕದಿಂದ ಎಬ್ಬಿಸಿಕೊಂಡರು.

ಕೃಷ್ಣವ್ವ ಅದನ್ನೂ ನೋಡಿದಳು. ಊಟ ಮುಗಿಯುವವರೆಗೆ ಹೊಸ್ತಿಲು ಬಿಟ್ಟು ಕದಲಲಿಲ್ಲ.