ಬೇಡಕ್ಕನಿಗೆ ಕೊಟ್ಟ ಹೆಗಲು

ಬೇಡಕ್ಕನ ಶವಪೆಟ್ಟಿಗೆ ಎತ್ತಲು ಬಗ್ಗಿದ್ದ ಟೈಲರ್ ಹಾಗೆಯೇ ನೆಟ್ಟಗಾದ. ನರ್ಸಮ್ಮ ಏದುಸಿರು ಬಿಡುತ್ತ ಒಳಗೆ ಬಂದಿದ್ದಳು.

"ಸಭೆ ಮುಂದಕ್ಕೆ ಹಾಕಲ್ವಂತೆ. ಇವತ್ತೇ, ಈಗಲೇ ಅಂತೆ!"

ಕೂತಿದ್ದವರೆಲ್ಲ ಎದ್ದು ನಿಂತರು. ಕಾಯಿಲೆಯವರಿಗೆ ಗಾಲಿಕುರ್ಚಿ, ಮಂಚ ಪುಕ್ಕಟೆ ಕೊಡುವ ಬಳಗ ಅವರದು. ಅದನ್ನು ಬಾಡಿಗೆ ಅಂಗಡಿ ಮಾಡಲು ಮಂಚದ ವ್ಯಾಪಾರಿಯೊಬ್ಬ ತನ್ನ ಭಾವಮೈದುನರನ್ನೂ ಆಳುಗಳನ್ನೂ ಸದಸ್ಯರನ್ನಾಗಿ ತುಂಬಿಸಿದ್ದ. ಇವತ್ತು ಅವರ ಕೈಯೆತ್ತಿಸಿ ನಿಯಮ ಬದಲಿಸುವವನಿದ್ದ.

"ಹೋಗಿ ಆಗಲ್ಲ ಅಂತ ಹೇಳ್ಬೇಕಲ್ವಾ?" ಎಂದು ನರ್ಸಮ್ಮ ಬಾಗಿಲಿಗೆ ಹೋದಳು. "ಅಕ್ಕನ್ನ ಬಿಟ್ಟು ಹೇಗೆ ಹೋಗೋದು?" ಎಂದು ತಿರುಗಿ ಬಂದಳು. ಮತ್ತೆ ಬಾಗಿಲಿಗೆ ಹೋದಳು.

*

ಬೇಡಕ್ಕ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಹೊಸ ಬೋರ್ಡು ಬೇಡ, ಅಧ್ಯಕ್ಷರಿಗೆ ಮೆತ್ತನೆಯ ಕುರ್ಚಿ ಬೇಡ. ಎಲ್ಲರ ತಲೆ ತಿಂದು ಅವಳು ಸೇರಿಸಿದ್ದು ಒಂದೇ ನಿಯಮ: ವರ್ಷವಿಡೀ ಗಾಲಿಕುರ್ಚಿ ತೊಳೆದ ಹಳಬರಲ್ಲಿ ಅರ್ಧ ಜನ ಕೂತಿರದ ಸಭೆಯಲ್ಲಿ ಯಾವ ನಿಯಮವನ್ನೂ ತಿದ್ದುವಂತಿಲ್ಲ.

"ನಿನ್ನ ಹಳೇ ಕುರ್ಚಿ ಕದಿಯೋಕೆ ಯಾರೇ ಬರ್ತಾರೆ?" ಎಂದು ಗಂಡ ನಕ್ಕಿದ್ದ.

"ಬರೋರು ಹೇಳಿ ಬರ್ತಾರಾ?" ಎಂದು ಗದರಿದ್ದಳು.

*

"ಯಾರೂ ಹೋಗ್ಬೇಡಿ," ಎಂದ ಬೇಡಕ್ಕನ ಗಂಡ. "ಹಳಬರೆಲ್ಲ ಇಲ್ಲೇ ಇದ್ದೀರಿ. ಹೋದ್ರೆ ಇವಳ ನಿಯಮದ ಅರ್ಧ ಲೆಕ್ಕ ತುಂಬುತ್ತೆ. ಆಮೇಲೆ ಕೈ ಅವರದ್ದೇ ಜಾಸ್ತಿ."

"ಅಂದ್ರೆ ಭಾವ, ಹೋಗದೇ ಇದ್ರೆ ಗೆಲ್ತೀವಾ?" ಎಂದಳು ನರ್ಸಮ್ಮ.

"ಹಾಗಂತ ಇವಳು ಹೇಳ್ತಿದ್ಲು. ನಾನು ಸರಿಯಾಗಿ ಕೇಳಿಸಿಕೊಂಡಿದ್ರೆ ತಾನೇ?"

ಅವಳನ್ನೇ ಕೇಳೋಣವೆಂದು ಪೆಟ್ಟಿಗೆಯತ್ತ ತಿರುಗಿದವನಿಗೆ ದುಃಖ ಒತ್ತಿಬಂತು.

ಅಷ್ಟರಲ್ಲಿ ವ್ಯಾಪಾರಿಯೇ ಬಂದ. ಮುಖ ಸಪ್ಪಗೆ ಮಾಡಿಕೊಂಡಿದ್ದ.

"ಒಂದು ಗಳಿಗೆ ಬಂದುಹೋಗಿ, ಕಾರು ತಂದಿದ್ದೀನಿ. ನನ್ನ ವಿರುದ್ಧವೇ ಕೈ ಎತ್ತಿ, ಪರವಾಗಿಲ್ಲ. ಬಂದ್ರೆ ಸಾಕು."

ನರ್ಸಮ್ಮ ಭಾವನ ಮುಖ ನೋಡಿದಳು. ಬಾಗಿಲು ಬಿಟ್ಟು ಬಂದು ಪೆಟ್ಟಿಗೆಯ ಪಕ್ಕ ಕೂತಳು.

ಟೈಲರ್ ವ್ಯಾಪಾರಿಯನ್ನು ಅಡಿಯಿಂದ ಮುಡಿಯವರೆಗೆ ಕಣ್ಣಲ್ಲೇ ಅಳೆದ.

"ನೀವೂ ನಾನೂ ಒಂದೇ ಎತ್ತರ. ಬೇರೆಯವರು ಹಿಡಿದ್ರೆ ಪೆಟ್ಟಿಗೆ ವಾಲುತ್ತೆ. ಆ ಕಡೆ ಹೆಗಲು ಕೊಡಿ ಸ್ವಾಮಿ."

ಸಾವಿನ ಮನೆಯಲ್ಲಿ ಒಲ್ಲೆ ಎನ್ನಲಾಗದೆ ಅವನೂ ಹೆಗಲು ಕೊಟ್ಟ.

ಸಭೆಯ ಹೊತ್ತಾಗಿತ್ತು; ಬೀದಿ ತಿರುಗುವಾಗ ವ್ಯಾಪಾರಿಯ ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ನಿಂತಿತು, ಮತ್ತೆ ಬಡಿದುಕೊಂಡಿತು. ಅವನ ಎರಡು ಕೈಗಳೂ ಪೆಟ್ಟಿಗೆಯನ್ನು ಹಿಡಿದಿದ್ದವು.