ಹಿತ್ತಲ ಬಾಗಿಲು

ನನ್ನ ಅಂಗನವಾಡಿಯಲ್ಲಿ ಯಾವ ಮಗುವೂ ಮೂರು ದಿನಕ್ಕಿಂತ ಹೆಚ್ಚು ಅತ್ತಿದ್ದಿಲ್ಲ. ಬೆಳ್ಳಟ್ಟಿಯಲ್ಲಿ ಯಾರನ್ನು ಬೇಕಾದರೂ ಕೇಳಿ ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ. ಗದಗ ಬೇರೆ ಜಿಲ್ಲೆಯಾಗಿ ಆಗ ಎರಡು ವರ್ಷ. ಶಿರಹಟ್ಟಿಯ ಸಭೆಯೊಂದರಲ್ಲಿ ಮೇಲ್ವಿಚಾರಕಿ ವಾಣಿಶ್ರೀ ಮೇಡಂ “ಸುಮಿತ್ರವ್ವನ ಹತ್ರ ಕಲೀರಿ” ಎಂದು ಉಳಿದವರಿಗೆ ಹೇಳಿದ ಮೇಲಂತೂ ನನಗೆ ಕೋಡು ಮೂಡಿತ್ತು.

ನನ್ನ ಉಪಾಯ ಸರಳ. ಹೊಸ ಮಗು ಬಂದ ದಿನ ಅದರ ಅಂಗೈಗೆ ಒಂದು ಚೂರು ಬೆಲ್ಲ ಇಟ್ಟು, ಗೋಡೆಯ ಮೇಲಿನ ಆನೆಯ ಚಿತ್ರದ ಕಡೆಗೆ ತಿರುಗಿಸುತ್ತಿದ್ದೆ. “ಆನಿಗೆ ಎಷ್ಟು ಕಾಲು ಅದಾವ, ಎಣಿಸು ನೋಡೂಣು” ಎನ್ನುವಷ್ಟರಲ್ಲಿ ತಾಯಿ ಹಿತ್ತಲ ಬಾಗಿಲಿನಿಂದ ಜಾರಿಕೊಳ್ಳಬೇಕು. ಮಗು ತಿರುಗಿ ನೋಡಿ ಬಾಯಿ ತೆರೆದರೆ “ನಿಮ್ಮವ್ವ ಇಲ್ಲೇ ಹೋಗ್ಯಾಳ, ಈಗ ಬರ್ತಾಳ.” ಅತ್ತೂ ಅತ್ತೂ ಮೂರನೆಯ ದಿನ ಸುಮ್ಮನಾಗುತ್ತಿತ್ತು. ಸುಮ್ಮನಾದದ್ದನ್ನೇ ನಾನು ಹೊಂದಿಕೊಂಡದ್ದು ಎಂದು ತಿಳಿದಿದ್ದೆ.

ಗಾದಿ ಹೊಲಿಯುವ ಲಾಡಸಾಬನ ಮಗಳು ನೂರೀನ ಅಳಲೇ ಇಲ್ಲ. ಮೂರೂವರೆ ವರ್ಷದ ಹುಡುಗಿ. ಆನೆಯ ಕಾಲು ಎಣಿಸಿ ತಿರುಗಿದಾಗ ತಾಯಿ ಶಕೀಲ ಇರಲಿಲ್ಲ. ಹೋಗಿ ಹಿತ್ತಲ ಬಾಗಿಲ ಹತ್ತಿರ ಕೂತಳು. ಮಧ್ಯಾಹ್ನ ಶಕೀಲ ಬಂದಾಗ ಅವಳ ಮುಷ್ಟಿಯಲ್ಲಿ ಬೆಲ್ಲ ಕರಗಿ ಅಂಟಾಗಿತ್ತು, ನೆಕ್ಕಿಯೂ ಇರಲಿಲ್ಲ. ಮರುದಿನದಿಂದ ಆ ಬಾಗಿಲೇ ಅವಳ ಜಾಗ. ಹಾಡಿಗೆ ದನಿ ಕೂಡಿಸಲಿಲ್ಲ, ಹೆಸರು ಕೇಳಿದರೆ ನನ್ನ ಮುಖವನ್ನೇ ನೋಡುತ್ತಿದ್ದಳು. ಎರಡು ತಿಂಗಳು ಕಾದು, ರಜಿಸ್ಟರಿನಲ್ಲಿ ಅವಳ ಹೆಸರಿನ ಮುಂದೆ ‘ಮಾತು ಬರುವುದಿಲ್ಲ’ ಎಂದು ಬರೆದೆ.

“ಮನ್ಯಾಗ ಬಾಯಿಗೆ ಬಿಡುವ ಇಲ್ಲದಂಗ ಮಾತಾಡ್ತಾಳ್ರೀ ಅಕ್ಕೋರ,” ಎಂದಳು ಶಕೀಲ.

ಬೇರೆ ತಾಯಂದಿರೂ ಅಲ್ಲೇ ನಿಂತಿದ್ದರು. “ಹಡದಾಕಿ ಹಿಂಗ ಅನ್ನಾಕಿನ. ಮುಚ್ಚಿಟ್ಟರ ಕೂಸಿಗೇ ತ್ರಾಸ. ಗದಗಕ್ಕ ಕರ್ಕೊಂಡು ಹೋಗಿ ಡಾಕ್ಟರಿಗೆ ತೋರಸು,” ಎಂದೆ, ಎಲ್ಲರಿಗೂ ಕೇಳುವ ಹಾಗೆ.

ಲಾಡಸಾಬ ಕೆಲಸ ಬಿಟ್ಟು ಮಗಳನ್ನು ಕರೆದುಕೊಂಡು ಹೋದ. ಕಿವಿ, ನಾಲಿಗೆ ಎಲ್ಲ ಸರಿ ಇದೆ ಎಂದು ಡಾಕ್ಟರು ಹೇಳಿ ಕಳಿಸಿದರು. ಅಷ್ಟರಲ್ಲಿ ಓಣಿಯ ಬಾಯಲ್ಲಿ ಅವಳು ‘ಮೂಕಿ’ ಆಗಿದ್ದಳು. ಆ ಹೆಸರು ಇಟ್ಟವಳು ನಾನು. 

ಅಡುಗೆ ಮಾಡುವ ಸಹಾಯಕಿ ಅಲ್ಮಾಸಬಿ ಒಂದು ದಿನ ಮೆಲ್ಲಗೆ ಬಂದು ಹೇಳಿದಳು, “ಅಕ್ಕೋರ, ನನ್ನ ಜೋಡಿ ಆಕಿ ಮಾತಾಡ್ತಾಳ್ರಿ. ನೀರಿಗೆ ಹೋಗೂ ಮುಂದ, ಎರಡು ಕೊಡ ತುಂಬ್ಕೊಂಡು ಬರ್ತೀನವ್ವಾ ಅಂತ ಹೇಳೇ ಹೋಗ್ತೀನಿ. ಬಂದ ಮ್ಯಾಲೆ, ಬಂದ್ಯಾ? ಅಂತಾಳ. ಹಂಗ ಶುರು ಆತ್ರಿ.”

“ನೀ ಉಪ್ಪಿಟ್ಟು ತಳ ಹಿಡೀದಂಗ ನೋಡ್ಕೋ,” ಎಂದೆ. ಸಹಾಯಕಿ ನನಗೆ ಪಾಠ ಹೇಳುವುದೇ?

ಸೆಪ್ಟೆಂಬರಿನಲ್ಲಿ ವಾಣಿಶ್ರೀ ಮೇಡಂ ತಪಾಸಣೆಗೆ ಬಂದ ದಿನವೇ ಅಮೃತವ್ವ ತನ್ನ ಮಗ ಮಹಾದೇವನನ್ನು ಮೊದಲ ಸಲ ಕರೆತಂದಳು. ನನಗೆ ಒಳಗೊಳಗೇ ಖುಷಿ, ಮೇಡಂ ಎದುರಿಗೇ ಕೈಚಳಕ ತೋರಿಸಬಹುದಲ್ಲ. ಬೆಲ್ಲ ಕೊಟ್ಟೆ, ಆನೆಯ ಕಡೆ ತಿರುಗಿಸಿದೆ, ಅಮೃತವ್ವನಿಗೆ ಕಣ್ಣಲ್ಲೇ ಸನ್ನೆ ಮಾಡಿದೆ. ಅವಳು ಬಳೆ ಸದ್ದಾಗದಂತೆ ಕೈ ಒತ್ತಿಕೊಂಡು ಹಿತ್ತಲ ಬಾಗಿಲಿಗೆ ಹೋದಳು. ಅಲ್ಲಿ ಕೂತಿದ್ದ ನೂರೀನ ಎದ್ದು ಅವಳ ಸೀರೆಯನ್ನು ಎರಡೂ ಕೈಯಲ್ಲಿ ಹಿಡಿದಳು.

“ಏ ಹುಡುಗಾ! ಆನಿ ನೋಡಬ್ಯಾಡ! ನಿಮ್ಮವ್ವ ಹೊಂಟಾಳ, ತಿರುಗು!”

ಮಹಾದೇವ ತಿರುಗಿದ. ಒಂದು ಕಾಲು ಹೊಸ್ತಿಲಾಚೆ ಇಟ್ಟಿದ್ದ ಅಮೃತವ್ವ ಅಲ್ಲೇ ನಿಂತಳು. ಮೇಡಂ ರಜಿಸ್ಟರಿನಿಂದ ತಲೆ ಎತ್ತಿ, “ಮಾತು ಬರೂದಿಲ್ಲ ಅಂತ ಬರದೀರಲ್ಲ, ಇಕಿನ ಏನ್ರಿ?” ಎಂದರು.

ನಾನು ತಲೆ ತಗ್ಗಿಸಿದೆ. ಮೇಡಂ ಎದುರು ಮಾನ ಹೋಯಿತಲ್ಲ ಎಂಬ ನಾಚಿಕೆ ಮೊದಲು ಬಂತು. ಅದಕ್ಕಿಂತ ದೊಡ್ಡದು ಆಮೇಲೆ ಬಂತು. ಆ ಮಗು ನನ್ನೆದುರು ಆಡಿದ ಮೊದಲ ಮಾತು, ಇನ್ನೊಂದು ಮಗುವನ್ನು ನನ್ನಿಂದ ಉಳಿಸುವುದಕ್ಕೆ.

“ಅಮೃತವ್ವಾ, ಹುಡುಗಗ ಹೇಳಿ ಹೋಗು. ಅತ್ತರ ಅಳಲಿ,” ಎಂದೆ. ಅವಳು ಹೇಳಿ ಹೋದಳು. ಅವನು ತಾಸುಗಟ್ಟಲೆ ಅತ್ತ, ನಾನು ಎತ್ತಿಕೊಂಡೇ ಕೂತೆ.

ಸಂಜೆ ಲಾಡಸಾಬನ ಮನೆಗೆ ಹೋದೆ. ಅಕ್ಕಪಕ್ಕದವರು ಕಟ್ಟೆಯ ಮೇಲಿದ್ದರು, ಅವರೆಲ್ಲರ ಎದುರೇ ಹೇಳಿದೆ: “ನಿನ್ನ ಮಗಳಿಗೆ ಎಲ್ಲಾ ಮಾತು ಬರ್ತಾವ ಶಕೀಲ. ತಪ್ಪು ನಂದು.” ಶಕೀಲ ತಲೆಯಾಡಿಸಿದಳು. ಕುಂಡ್ರಿ ಎನ್ನಲಿಲ್ಲ.

ಮರುದಿನ ನೂರೀನಳ ಪಕ್ಕ ಮೊಣಕಾಲೂರಿ, “ನಾ ಪಂಚಾಯ್ತಿಗೆ ಹೋಗ್ತೀನವ್ವಾ. ನೀ ಉಪ್ಪಿಟ್ಟು ತಿನ್ನೂದ್ರಾಗ ತಿರುಗಿ ಬರ್ತೀನಿ,” ಎಂದೆ. ನಾನು ಮುಂಬಾಗಿಲಿನಿಂದ ಹೊರಬಿದ್ದು ಅಡುಗೆಕೋಣೆಯ ಕಿಟಕಿ ದಾಟುವಾಗ ಒಳಗಿನಿಂದ ಅವಳ ದನಿ ಕೇಳಿಸಿತು.

“ಅಲ್ಮಾಸಮಾ, ಅಕ್ಕೋರು ಖರೇನ ಬರ್ತಾರೇನ?”

ಆ ಹುಡುಗಿಗೆ ಒಂದು ಸಲವೂ ಸುಳ್ಳು ಹೇಳದ ಅಲ್ಮಾಸಬಿ ಸೌಟು ಕೆಳಗಿಟ್ಟಳು.

“ನನಗ ಗೊತ್ತಿಲ್ಲವ್ವಾ,” ಎಂದಳು. “ನೋಡೂಣು.”

ನಾನು ಓಡುನಡಿಗೆಯಲ್ಲಿ ಪಂಚಾಯ್ತಿಯ ಕಡೆ ಹೋದೆ.