ಖಾಲಿ ತೋಟೆ ಆರಿಸುವವಳು

ನನ್ನ ಅಣ್ಣ ಆರ್ಲೋನ ಅಂಗೈ ಸೀಳಿದ್ದು ನಾನು. ಪಿಸ್ತೂಲು ಅವನ ಕೈಯಲ್ಲೇ ಇತ್ತು, ಗುಂಡು ಹಾರಿಸಿದವನೂ ಅವನೇ, ನಾನು ಹತ್ತು ಹೆಜ್ಜೆ ಹಿಂದೆ ಬೆಂಚಿನ ಮೇಲೆ ಕೂತು ಕಾಫಿ ಕುಡಿಯುತ್ತಿದ್ದೆ. ಆದರೂ ಸೀಳಿದ್ದು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೇಳಬೇಕಾದ ದಿನ ಹೇಳದೆ ಮೂರು ವಾರ ಬಾಯಿಗೆ ಬೀಗ ಹಾಕಿಕೊಂಡು ಕೂತವಳು ನಾನು, ಇನ್ನು ಮುಂದೆ ಹಾಗೆ ಕೂರುವುದಿಲ್ಲ.

ನಮ್ಮ ಊರು ಹಾರ್ಲನ್ ಕ್ರೀಕಿನ ಮೈದಾನಕ್ಕೆ ಭಾನುವಾರ ಗುರಿ ಹೊಡೆಯಲು ಬರುವವರೆಲ್ಲ ತಮ್ಮ ತೋಟೆಗಳನ್ನು ಮನೆಯಲ್ಲಿ ತಾವೇ ತುಂಬಿಕೊಂಡು ಬರುತ್ತಾರೆ. ಒಬ್ಬರು ತುಂಬಿದ್ದನ್ನು ಇನ್ನೊಬ್ಬರು ಹಾರಿಸುವುದಿಲ್ಲ. ಗಂಡ ಹೆಂಡತಿಯಾದರೂ ಅಷ್ಟೇ, ಅಪ್ಪ ಮಗನಾದರೂ ಅಷ್ಟೇ. ಟ್ರಕ್ಕು ಕೇಳಿ, ಕೊಡುತ್ತಾರೆ. ನಾಯಿ ನೋಡಿಕೊಳ್ಳಿ ಅನ್ನಿ, ನೋಡಿಕೊಳ್ಳುತ್ತಾರೆ. ತೋಟೆ ಮಾತ್ರ ಕೇಳಬಾರದು, ಕೊಡಬಾರದು. ನಾನು ಮತ್ತು ಆರ್ಲೋ ಮಾತ್ರ ಇದಕ್ಕೆ ಹೊರತು. ಇಪ್ಪತ್ತಾರು ವರ್ಷಗಳಿಂದ, ಹಾರಿಸಿ ಬಿದ್ದ ಹಿತ್ತಾಳೆಯ ಖಾಲಿ ತೋಟೆಗಳನ್ನು ಸಿದ್ಧ ಮಾಡುವುದು ನನ್ನ ಕೆಲಸ, ಅವಕ್ಕೆ ಕಿಡಿ ಹೊತ್ತಿಸುವ ಕೇಪು, ಮದ್ದು, ಗುಂಡು ಕೂರಿಸುವುದು ಅವನದು. ಮೈದಾನದ ಮೇಲ್ವಿಚಾರಕ ಡ್ವೇನ್ ಹಲ್ವರ್ಸನ್ ನಮ್ಮನ್ನು ಕಂಡಾಗಲೆಲ್ಲ ರೇಗಿಸುತ್ತಿದ್ದ. "ವರ್ನಾ, ನಿನ್ನ ತೋಟೆ ನೋಡ್ಕೊಂಡು ನಾನು ಗಡ್ಡ ಬೋಳಿಸ್ಕೋಬಹುದು ಕಣೇ, ಅಷ್ಟು ಹೊಳೀತವೆ." "ನಿನ್ನ ಮುಖಕ್ಕೆ ಅದೊಂದು ಕೇಡು," ಅನ್ನುತ್ತಿದ್ದೆ ನಾನು.

ಪ್ರತಿ ಗುರುವಾರ ಮಧ್ಯಾಹ್ನ ಎರಡು ಗಂಟೆಗೆ ಆರ್ಲೋನ ಗ್ಯಾರೇಜು. ಭಾನುವಾರ ಆರಿಸಿ ತಂದ ಮಸಿ ಹಿಡಿದ ತೋಟೆಗಳನ್ನು ಜೋಳದ ದಿಂಡಿನ ತರಿಯ ಜೊತೆ ಉಜ್ಜುವ ಯಂತ್ರದ ಡಬ್ಬಿಗೆ ಸುರಿದು ಗುಂಡಿ ಒತ್ತಿದರೆ, ಎರಡು ಗಂಟೆ ಗಡಗಡ ಅಲುಗಿ ಬಂಗಾರದ ಹಾಗೆ ಆಗುತ್ತವೆ. ಜರಡಿ ಹಿಡಿದು ತರಿ ಬೇರೆ ಮಾಡಬೇಕು. ಸಣ್ಣ ತೋಟೆ ದೊಡ್ಡದರ ಹೊಟ್ಟೆಯೊಳಗೆ ಸಿಕ್ಕಿಕೊಂಡಿರುತ್ತದೆ, ಅದನ್ನು ಕಿತ್ತು ಅಳತೆಗೆ ತಕ್ಕಂತೆ ವಿಂಗಡಿಸಬೇಕು. ಆಮೇಲೆ ಒಂದೊಂದನ್ನೂ ನೋಡಬೇಕು. ಬಾಯಿ ಬಿರುಕು ಬಿಟ್ಟಿದೆಯೇ, ಬುಡ ಉಬ್ಬಿದೆಯೇ. ಕೊನೆಗೆ, ಬೆಳಕಿಗೆ ಹಿಡಿದು ಒಳಗೆ ಇಣುಕಬೇಕು. ಕೆಲವು ಅಗ್ಗದ ತೋಟೆಗಳಲ್ಲಿ ಒಳಗೋಡೆಯ ನಡುವೆ ಮೆಟ್ಟಿಲಿನಂಥ ಒಂದು ಅಂಚು ಇರುತ್ತದೆ. ಮೊದಲ ಸಲ ಹಾರಿಸಿದರೆ ಏನೂ ಆಗುವುದಿಲ್ಲ. ಅದನ್ನೇ ಮತ್ತೆ ತುಂಬಿ ಹಾರಿಸಿದರೆ ಆ ಅಂಚಿನಲ್ಲಿ ಹರಿಯುತ್ತದೆ. ಹೊರಗಿನಿಂದ ನೋಡಿದರೆ ಅದೂ ಒಂದೇ, ಒಳ್ಳೆಯದೂ ಒಂದೇ.

ಮಾರ್ಚಿನಲ್ಲಿ ಕಣ್ಣಿನ ಡಾಕ್ಟರು ನನ್ನ ಎರಡೂ ಕಣ್ಣಿನ ನಡುಭಾಗ ಸವೆದಿದೆ ಎಂದರು. ಸುತ್ತ ಕಾಣುತ್ತದೆ, ನಡುವೆ ಕಾಣುವುದಿಲ್ಲ. ಒಬ್ಬರ ಮುಖ ನೋಡಿದರೆ ಕಿವಿ ಕಾಣುತ್ತದೆ, ಮೂಗು ಇರುವ ಕಡೆ ಹೊಗೆ. ಗಾಡಿ ಓಡಿಸಬೇಡಿ ಎಂದರು. ನಾನು ಯಾರಿಗೂ ಹೇಳಲಿಲ್ಲ. ಅಂಗಡಿ, ಚರ್ಚು, ಆರ್ಲೋನ ಮನೆ ಎಲ್ಲ ಎರಡು ಬೀದಿಯೊಳಗೆ, ನಡೆದೇ ಹೋಗುತ್ತಿದ್ದೆ. ಮೊಣಕಾಲಿಗೆ ಒಳ್ಳೆಯದು ಅಂತ ಸುಳ್ಳು ಹೇಳಿದೆ. ಗಂಡ ಎಮೆಟ್ ಹೋದ ಮೇಲೆ ನನಗೆ ಉಳಿದಿದ್ದು ಆ ಗುರುವಾರ ಒಂದೇ. ವಾರದಲ್ಲಿ ಒಂದು ದಿನ, ನನ್ನಿಂದ ಒಬ್ಬರಿಗೆ ಕೆಲಸವಿದೆ ಅನ್ನಿಸುವ ಜಾಗ. ಅದನ್ನು ಬಿಟ್ಟುಕೊಡಲು ನನಗೆ ಮನಸ್ಸು ಬರಲಿಲ್ಲ, ಅಷ್ಟೇ. ದೊಡ್ಡ ಕಾರಣವೇನೂ ಇಲ್ಲ.

ಬಿರುಕು ಹುಡುಕಲು ಕಣ್ಣು ಬೇಡ. ಹತ್ತು ತೋಟೆಗಳನ್ನು ಬೊಗಸೆಯಲ್ಲಿ ಹಿಡಿದು ಕುಲುಕಿದರೆ ಬಿರುಕು ಬಿಟ್ಟದ್ದು ಒಡಕು ದನಿ ಮಾಡುತ್ತದೆ. ಬಾಯಿಗೆ ಉಗುರು ಸವರಿದರೆ ತಗುಲುತ್ತದೆ. ಉಬ್ಬಿದ ಬುಡ ಬೆರಳಿಗೆ ಗೊತ್ತಾಗುತ್ತದೆ. ಒಳಗಿನ ಅಂಚಿಗೆ ಮಾತ್ರ ಕಿವಿಯೂ ಆಗದು, ಬೆರಳೂ ಹೋಗದು. ನಾನು ಏನು ಮಾಡಿದೆ ಗೊತ್ತೇ? ಒಂದೊಂದನ್ನೂ ದೀಪದ ಕೆಳಗೆ ಹಿಡಿದು, ತಲೆ ಓರೆ ಮಾಡಿ, ಇಣುಕಿದ ಹಾಗೆ ನಾಟಕ ಮಾಡಿ, ಒಳ್ಳೆಯವನ್ನು ಹಾಕುವ ಡಬ್ಬಿಗೆ ಹಾಕಿದೆ. ಆರು ತಿಂಗಳು. ಎದುರಿಗೆ ಕೂತ ಅಣ್ಣ ನನ್ನನ್ನು ನಂಬಿ ಮದ್ದು ತೂಗುತ್ತಿದ್ದ.

ಸೆಪ್ಟೆಂಬರಿನ ಎರಡನೆಯ ಭಾನುವಾರ ಆ ಸದ್ದು ಬಂತು. ಪಿಸ್ತೂಲಿನ ಸದ್ದಲ್ಲ, ಬಾಗಿಲು ಒದ್ದು ಮುರಿದಂಥ ಸದ್ದು. ಪಿಸ್ತೂಲಿನ ಹಿಡಿಕೆ ಬಿರಿದು ಬಿಸಿ ಗಾಳಿ ಕೆಳಕ್ಕೆ ನುಗ್ಗಿ ಆರ್ಲೋನ ಅಂಗೈ ಹರಿದಿತ್ತು. ಕನ್ನಡಕ ಹಾಕಿದ್ದಕ್ಕೆ ಕಣ್ಣು ಉಳಿಯಿತು. ಡ್ವೇನ್ ಟವೆಲ್ ಸುತ್ತುತ್ತಾ, "ಮದ್ದು ಎರಡು ಸಲ ಬಿದ್ದಿರ್ಬೇಕು ಕಣೋ ಆರ್ಲೋ. ಹಾಕಿದ್ದು ಮರೆತು ಮತ್ತೆ ಹಾಕಿದ್ಯಾ?" ಅಂದ.

ಆರ್ಲೋ ಬಿಳಿಚಿಕೊಂಡು ನಿಂತಿದ್ದ. "ಹಾಕಿರ್ಬೇಕು," ಅಂದ. "ನೆನಪಿಲ್ಲ."

ಅಷ್ಟು ಹೊತ್ತಿಗೆ ನಾನು ನೆಲದಲ್ಲಿ ತಡಕಾಡಿ ಹರಿದ ತೋಟೆಯ ಚೂರನ್ನು ಎತ್ತಿಕೊಂಡಿದ್ದೆ. ಉಗುರು ಒಳಗೆ ಹಾಕಿದೆ. ಅಂಚು ಇತ್ತು. ಹರಿದಿದ್ದು ಸರಿಯಾಗಿ ಅಲ್ಲೇ. ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ. ನಾನು ಆ ಚೂರನ್ನು ಬೇಲಿಯಾಚೆ ಕುರುಚಲು ಗಿಡಗಳೊಳಗೆ ಬೀಸಿ ಎಸೆದೆ. ಎಪ್ಪತ್ತೆರಡು ವರ್ಷದ ಹೆಂಗಸು, ಕಳ್ಳಿಯ ಹಾಗೆ.

ಅಂಗೈಗೆ ಹನ್ನೊಂದು ಹೊಲಿಗೆ ಬಿತ್ತು. ಅದು ವಾಸಿಯಾಗುವ ಗಾಯ. ವಾಸಿಯಾಗದ್ದು ಆ "ನೆನಪಿಲ್ಲ" ಅನ್ನುವ ಮಾತು. ನಮ್ಮ ಅಪ್ಪನಿಗೆ ಎಪ್ಪತ್ತನಾಲ್ಕಕ್ಕೆ ಬುದ್ಧಿ ಜಾರಲು ಶುರುವಾಗಿತ್ತು. ಮೊದಲು ಕೀಲಿಕೈ, ಆಮೇಲೆ ದಾರಿ, ಕೊನೆಗೆ ನಮ್ಮ ಹೆಸರು. ಆರ್ಲೋಗೆ ಈಗ ಎಪ್ಪತ್ತನಾಲ್ಕು.

ನಾನು ದಿನಾ ಊಟ ತೆಗೆದುಕೊಂಡು ಹೋಗುತ್ತಿದ್ದೆ. ಇವತ್ತು ಹೇಳಿಬಿಡುತ್ತೇನೆ ಅಂತ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋಗುವುದು, ಬಾಗಿಲು ತೆರೆದ ಕೂಡಲೇ "ಮೀಟ್‌ಲೋಫ್ ತಂದಿದೀನಿ, ಬಿಸಿ ಇದ್ದಾಗ್ಲೇ ತಿನ್ನು" ಅನ್ನುವುದು. ಅವನು ತೋಟೆ ತುಂಬುವ ಯಂತ್ರವನ್ನು ಗ್ಯಾರೇಜಿನ ಬೆಂಚಿನಿಂದ ಬಿಚ್ಚಿ ಪೆಟ್ಟಿಗೆಗೆ ಹಾಕಿದ್ದ. ಟ್ರಕ್ಕಿನ ಕೀಲಿಕೈಯನ್ನು ನನ್ನ ಕೈಗೇ ಕೊಟ್ಟು, "ಇಟ್ಕೋ ವರ್ನಾ. ಯಾರ್ದಾದ್ರೂ ಮಗುವಿನ ಮೇಲೆ ಹತ್ತಿಸಿಬಿಟ್ರೆ?" ಅಂದಿದ್ದ. ಫ್ರಿಜ್ಜಿನ ಬಾಗಿಲಿಗೆ ಚೀಟಿಗಳು. ಒಲೆ ಆರಿಸು. ಇವತ್ತು ಮಂಗಳವಾರ. ಊಟ ಮುಗಿದ ಮೇಲೆ ನನ್ನನ್ನು ಎದುರಿಗೆ ಕೂರಿಸಿಕೊಂಡು ನೂರರಿಂದ ಏಳೇಳು ಕಳೆಯುತ್ತಾ ಬರುತ್ತಿದ್ದ. ಅಪ್ಪನಿಗೆ ಡಾಕ್ಟರು ಅದನ್ನೇ ಮಾಡಿಸಿದ್ದರು.

"ತೊಂಬತ್ತಮೂರು. ಎಂಬತ್ತಾರು. ಎಪ್ಪತ್ತೊಂಬತ್ತು. ಸರಿನಾ?"

"ಸರಿಯಾಗಿದೆ ಕಣೋ."

"ಅಪ್ಪನೂ ಮೊದಲ ವರ್ಷ ಸರಿಯಾಗೇ ಹೇಳ್ತಿದ್ದ."

ಅಯ್ಯೋ, ಆಗಲೂ ತಟ್ಟೆ ತೊಳೆದಿಟ್ಟು ಮನೆಗೆ ಬಂದೆ.

ಮೂರನೆಯ ವಾರ ಫೋನು ಮಾಡಿದ. "ಬುಧವಾರ ಹನ್ನೊಂದಕ್ಕೆ ಕ್ಯಾಸ್ಪರ್‌ನಲ್ಲಿ ಡಾಕ್ಟರು ಬರೋಕೆ ಹೇಳಿದಾರೆ, ತಲೆ ಪರೀಕ್ಷೆ ಮಾಡೋಕೆ. ನೀನೇ ಓಡಿಸ್ಬೇಕು. ಬೇರೆ ಯಾರಿಗೂ ಗೊತ್ತಾಗೋದು ಬೇಡ."

ಕ್ಯಾಸ್ಪರ್ ಪಟ್ಟಣಕ್ಕೆ ಅರವತ್ತು ಮೈಲಿ ಹೆದ್ದಾರಿ. ನಾನು "ಆಗ್ಲಿ" ಅಂದೆ. ಅಂಗೈ ಸಾಲದು ಅಂತ ಅವನ ಪ್ರಾಣವನ್ನೇ ತೆಗೆಯಲು ಹೊರಟಿದ್ದೆ.

ಬುಧವಾರ ಬೆಳಿಗ್ಗೆ ಆರ್ಲೋ ಇಸ್ತ್ರಿ ಮಾಡಿದ ಅಂಗಿ ಹಾಕಿ, ಎಡಗೈಯಲ್ಲೇ ಹೇಗೋ ಟೈ ಕಟ್ಟಿಕೊಂಡು ಪಕ್ಕದ ಸೀಟಿನಲ್ಲಿ ಕೂತಿದ್ದ. ಅವನ ಟ್ರಕ್ಕಿನ ಎಂಜಿನ್ ಶುರುಮಾಡಿ ಅಂಗಳದ ತುದಿಯವರೆಗೆ ಬಿಟ್ಟೆ. ಎಡಕ್ಕೆ ತಿರುಗಿ ನೋಡಿದೆ. ಆಕಾಶ ಕಂಡಿತು, ಬೇಲಿ ಕಂಡಿತು. ರಸ್ತೆ ಇರಬೇಕಾದ ಕಡೆ ಹೊಗೆ. ಬ್ರೇಕು ಒತ್ತಿ ಹಾಗೇ ಕೂತೆ.

"ತೊಂಬತ್ತಮೂರು, ಎಂಬತ್ತಾರು," ಅನ್ನುತ್ತಿದ್ದವನು ನಿಲ್ಲಿಸಿದ. "ಯಾಕೆ? ಹೋಗು. ರಸ್ತೆ ಖಾಲಿ ಇದೆಯಲ್ಲ."

"ಖಾಲಿ ಇದೆಯೋ ಇಲ್ವೋ, ನಂಗೆ ಕಾಣಲ್ಲ ಕಣೋ ಆರ್ಲೋ."

"ಏನಂದೆ?"

"ಕಣ್ಣು ಹೋಗಿದೆ. ಮಾರ್ಚಿನಿಂದ. ನಡುವೆ ಏನೂ ಕಾಣಲ್ಲ."

ಅವನು ನನ್ನ ಕಡೆ ತಿರುಗಿದ. ನನಗೆ ಅವನ ಕಿವಿ ಮತ್ತು ಟೈ ಕಂಡವು, ಮುಖ ಕಾಣಲಿಲ್ಲ. ಅದೇ ಒಳ್ಳೆಯದಾಯಿತು, ಕಂಡಿದ್ದರೆ ಮುಂದಿನದನ್ನು ಹೇಳುತ್ತಿರಲಿಲ್ಲವೇನೋ.

"ನೀನು ಮದ್ದು ಎರಡು ಸಲ ಹಾಕ್ಲಿಲ್ಲ. ಅದು ಅಂಚಿನ ತೋಟೆ. ನಾನು ನೋಡ್ದೇನೇ ಒಳ್ಳೇ ಡಬ್ಬಿಗೆ ಹಾಕ್ದೆ. ಎಲ್ಲಾನೂ ನೋಡ್ದೇನೇ ಹಾಕ್ತಿದ್ದೆ."

"ಅಂಚಿನದು ಅಂತ ಹೇಗೆ ಗೊತ್ತು?"

"ಚೂರು ಸಿಕ್ತು ಅವತ್ತು. ಉಗುರು ಹಾಕಿ ನೋಡ್ದೆ."

"ಎಲ್ಲಿದೆ ಅದು?"

"ಎಸೆದೆ."

ಎಂಜಿನ್ ಓಡುತ್ತಲೇ ಇತ್ತು. ಆರ್ಲೋ ಕೈ ಚಾಚಿ ಕೀಲಿ ತಿರುಗಿಸಿ ಆರಿಸಿದ. ಆಮೇಲೆ ಅವನ ಎದೆಯಿಂದ ಒಂದು ದನಿ ಬಂತು. ನಗುತ್ತಿದ್ದಾನೆ ಅಂದುಕೊಂಡೆ. ಅಳುತ್ತಿದ್ದ. ಎಮೆಟ್‌ನ ಮಣ್ಣಿನ ದಿನವೂ ಅಳದ ಮನುಷ್ಯ, ಕಟ್ಟು ಹಾಕಿದ ಕೈಯನ್ನು ಮುಖಕ್ಕೆ ಒತ್ತಿಕೊಂಡು, "ನನ್ನ ತಲೆ ಸರಿಯಿದೆ," ಅಂದ. "ದೇವ್ರೇ, ನನ್ನ ತಲೆ ಸರಿಯಿದೆ."

"ಸರಿಯಿದೆ ಕಣೋ. ನಿಂಗೇನೂ ಆಗಿಲ್ಲ."

ನಾನು ಅವನ ತೋಳು ಮುಟ್ಟಲು ಹೋದೆ. ಅವನು ತೋಳು ಎಳೆದುಕೊಂಡ. ಹುಲ್ಲು ಹೊತ್ತ ಲಾರಿಯೊಂದು ಬಲಗಡೆಯಿಂದ ಬಂದು ಮುಂದೆಯೇ ಹಾದುಹೋಯಿತು.

"ಮನೆ ಮಾರೋಕೆ ಮಾತಾಡಿದೀನಿ ಗೊತ್ತಾ," ಅಂದ ಆಮೇಲೆ. ದನಿ ತಣ್ಣಗಿತ್ತು. "ವೃದ್ಧಾಶ್ರಮದವ್ರಿಗೆ ಕಾಗದ ಬರೆದಿದೀನಿ. ರಾತ್ರಿ ಮಲಗೋಕೆ ಮುಂಚೆ ನಿನ್ನ ಹೆಸ್ರು ಹೇಳ್ಕೊಂಡು ಮಲಗ್ತಿದ್ದೆ, ವರ್ನಾ, ವರ್ನಾ ಅಂತ. ಬೆಳಿಗ್ಗೆ ನೆನಪಿರತ್ತಾ ಅಂತ ನೋಡೋಕೆ."

ನಾನು ಟ್ರಕ್ಕಿನ ಕೀಲಿಕೈ ಕಿತ್ತು ಅವನ ಎಡಗೈಗೆ ಕೊಟ್ಟೆ.

"ಭಾನುವಾರ ಡ್ವೇನ್ ಮುಂದೆ, ಎಲ್ರ ಮುಂದೆ ನೀನೇ ಹೇಳ್ಬೇಕು."

"ಹೇಳ್ತೀನಿ."

"ಇನ್ಮೇಲೆ ತೋಟೆ ಮುಟ್ಬಾರ್ದು."

"ಮುಟ್ಟಲ್ಲ."

"ಕೈಯದು ಬಿಡು. ಕಣ್ಣು ಹೋದ್ರೆ ನೀನಾದ್ರೂ ಏನು ಮಾಡ್ತೀಯ. ಮಾರ್ಚಲ್ಲೇ ಹೇಳಿದ್ರೆ ನಾನು ನೋಡ್ತಿದ್ದೆ, ನೀನು ಜರಡಿ ಹಿಡೀತಿದ್ದೆ, ಗುರುವಾರ ಗುರುವಾರನೇ ಆಗಿರ್ತಿತ್ತು." ಉಸಿರು ಎಳೆದುಕೊಂಡ. "ಆದ್ರೆ ಈ ಮೂರು ವಾರ ಇದೆಯಲ್ಲ. ದಿನಾ ಬಂದು ಎದುರಿಗೆ ಕೂತು, ನಾನು ಎಣಿಸೋದು ಕೇಳಿ, ಸರಿಯಾಗಿದೆ ಅಂತ ಬೇರೆ ಹೇಳಿ ಹೋಗ್ತಿದ್ಯಲ್ಲ. ಅದನ್ನ ಏನು ಮಾಡ್ಲಿ ಅಂತ ನಂಗೆ ಗೊತ್ತಿಲ್ಲ. ಕ್ಷಮಿಸು ಅಂತ ಇವತ್ತು ಕೇಳ್ಬೇಡ."

ನಾನು ಕೇಳಲಿಲ್ಲ. ಬಾಗಿಲು ತೆರೆದು ಇಳಿದು, ಮನೆಗೆ ನಡೆದೇ ಹೋಗೋಣ ಅಂತ ಹೊರಟೆ. ರಸ್ತೆಯ ಅಂಚಿಗೆ ಬಂದು ನಿಂತು, ಲಾರಿಯ ಸದ್ದು ಬರುತ್ತದೋ ಅಂತ ಕಿವಿಗೊಟ್ಟೆ. ಗಾಳಿ ಜೋರಾಗಿ ಬೀಸುತ್ತಿತ್ತು, ಏನೂ ಕೇಳುತ್ತಿರಲಿಲ್ಲ.

ಹಿಂದೆ ಟ್ರಕ್ಕಿನ ಬಾಗಿಲು ಹಾಕಿದ ಸದ್ದಾಯಿತು. ಆರ್ಲೋ ಬಂದು ಪಕ್ಕದಲ್ಲಿ ನಿಂತ. ಎಡಗೈಯಿಂದ ನನ್ನ ಮೊಣಕೈ ಹಿಡಿದು ರಸ್ತೆ ದಾಟಿಸಿದ. ಆಚೆ ಮುಟ್ಟಿದ ಮೇಲೆ ಕೈ ಬಿಟ್ಟು ವಾಪಸು ಹೋದ.